ಲೂರ್ದಿನಲ್ಲಿ ಅಕ್ಕ ಮಾಡಿದ ಪ್ರಯೋಗ

ಚನ್ನಗಿರಿ

ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಅಕ್ಕನನ್ನು ಕೇಳಿದ ಮೊದಲ ಪ್ರಶ್ನೆ, "ಫ್ರಾನ್ಸಿಗೆ ಯಾಕೆ ಹೊಂಟೀರಮ್ಮ?"

"ಕಾಯಿಲೆ ವಾಸಿ ಮಾಡ್ಕಳ್ಳಾಕೆ ರೀ," ಅಂದಳು ಅಕ್ಕ.

"ಏನ್ ಕಾಯಿಲೆ?"

"ಫಿಟ್ಸು. ಆದ್ರೆ ಆರು ವರ್ಷದಿಂದ ಬಂದಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬಾರದ ಕಾಯಿಲೆಯನ್ನು ವಾಸಿ ಮಾಡಿಸಿಕೊಳ್ಳಲು ಸಮುದ್ರ ದಾಟುವವರನ್ನು ಅವರು ಅದುವರೆಗೆ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. "ಯಾತ್ರೆ ಅಂತ ಬರ್ಕಳ್ರಿ ಸಾರ್," ಅಂದೆ. ಚಹಾ ಕುಡಿದು, ಯಾತ್ರೆ ಎಂದೇ ಬರೆದುಕೊಂಡು ಹೋದರು.

ನಮ್ಮ ಅಕ್ಕ ರೋಜಮ್ಮ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಪ್ಪ ಸೂಳೆಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಊರಿನಲ್ಲಿದ್ದ ನಾಲ್ಕೇ ಕ್ರೈಸ್ತ ಮನೆಗಳಲ್ಲಿ ನಮ್ಮದೊಂದು. ಅಕ್ಕನಿಗೆ ಹದಿನಾರು ತುಂಬಿದಾಗ ಕೆರೆಯ ದಂಡೆಯ ಮೇಲೇ ಮೊದಲ ಸಲ ಮೂರ್ಛೆ ಬಂತು. ಅಲ್ಲಿಂದ ಮುಂದೆ ಕೆರೆ, ಬಾವಿ, ಒಲೆ ಮೂರೂ ಅವಳಿಗೆ ನಿಷಿದ್ಧ. ನೋಡಲು ಬಂದ ಗಂಡುಗಳೂ ವಿಷಯ ತಿಳಿದ ಮೇಲೆ ಕಾಫಿ ಕುಡಿದು ಎದ್ದುಹೋದರು. ಅವಳು ಚನ್ನಗಿರಿಗೆ ಬಂದು ಹೊಲಿಗೆ ಕಲಿತಳು. ನನ್ನನ್ನು ಬಿ.ಎಡ್. ಓದಿಸಿದ್ದು ಅವಳ ಹೊಲಿಗೆ ಮಿಷನ್ನೇ. ಈಗ ನಾನು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತೇನೆ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಪಾದ್ರಿಯ ಪ್ರಸಂಗ ಉದ್ದವಾದರೆ ಎದ್ದು ಹೊರಗೆ ಬರಲು ಅನುಕೂಲ.

ಆರು ವರ್ಷದ ಹಿಂದೆ ದಾವಣಗೆರೆಯ ಡಾಕ್ಟರೊಬ್ಬರು ಅಕ್ಕನ ಮಾತ್ರೆ ಬದಲಾಯಿಸಿದರು. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಅಲ್ಲಿಂದ ಒಂದೇ ಒಂದು ಸಲವೂ ಫಿಟ್ಸ್ ಬಂದಿಲ್ಲ. ಇದು ಯಾರ ಪುಣ್ಯ ಎಂಬುದೇ ನಮ್ಮ ಮನೆಯ ಭಾನುವಾರದ ಊಟದ ಜಗಳ. "ಮರಿಯಮ್ಮನ ಕೃಪೆ," ಅನ್ನುತ್ತಾಳೆ ಅಕ್ಕ. "ಗುಳಿಗೆ ಕೃಪೆ. ಮುಂದಿನ ವಾರ ಚರ್ಚಿನಾಗೆ ಗುಳಿಗೆ ಮುಂದೆ ಒಂದು ಮೇಣದ ಬತ್ತಿ ಹಚ್ಚು," ಅನ್ನುತ್ತೇನೆ ನಾನು. ಹೆಂಡತಿ ಮಕ್ಕಳು ನಗುತ್ತಾರೆ. ಅಕ್ಕನೂ ನಗುತ್ತಾಳೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ನಮ್ಮ ಕಡೆಯ ಚರ್ಚುಗಳಿಂದ ಫ್ರಾನ್ಸಿನ ಲೂರ್ದಿಗೆ, ಗವಿಯೊಂದರಲ್ಲಿ ಮಾತೆ ಮರಿಯಮ್ಮ ಕಾಣಿಸಿಕೊಂಡಳೆಂದೂ ಅಲ್ಲಿನ ಬುಗ್ಗೆಯ ನೀರಿನಿಂದ ಕಾಯಿಲೆ ವಾಸಿಯಾಗುತ್ತದೆಂದೂ ನಂಬುವ ಊರಿಗೆ, ಯಾತ್ರೆ ಹೊರಟಾಗ ಹೆಸರು ಕೊಟ್ಟವರಲ್ಲಿ ಅಕ್ಕನೇ ಮೊದಲಿಗಳು. ಡಾಕ್ಟರು ಎರಡು ಷರತ್ತು ಹಾಕಿದರು: ಮನೆಯವರು ಒಬ್ಬರು ಜೊತೆಗಿರಬೇಕು, ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಹೀಗೆ ನಾನು ಮಾತ್ರೆಯ ಕಾವಲುಗಾರನಾಗಿ ವಿದೇಶ ಕಂಡೆ.

ಪ್ಯಾರಿಸ್‌ನಿಂದ ರೈಲಿನಲ್ಲಿ

ಸಮಯ ಬದಲಾಗುವ ದೇಶದಲ್ಲಿ ಬೆಳಿಗ್ಗೆ ಎಂಟು ಎಂದರೆ ಯಾವ ಎಂಟು? ಇದಕ್ಕೆಂದೇ ನಾನು ಒಂದು ಚಾರ್ಟ್ ಮಾಡಿಕೊಂಡಿದ್ದೆ. ನಮ್ಮ ಸಮಯ, ವಿಮಾನದ ಸಮಯ, ಫ್ರಾನ್ಸಿನ ಸಮಯ, ಕೊನೆಯ ಕಾಲಮ್ಮಿನಲ್ಲಿ ಟಿಕ್ ಹಾಕಲು ಜಾಗ. ಸ್ಕೇಲಿಟ್ಟು ಗೆರೆ ಎಳೆದಿದ್ದೆ. ಯಾತ್ರೆಯ ಮುಂದಾಳು ಫಾದರ್ ವಿನ್ಸೆಂಟ್ ಅದನ್ನು ನೋಡಿ, "ಮೇಷ್ಟ್ರೇ, ನಮ್ಮ ಯಾತ್ರೆಗೂ ಇಷ್ಟು ಒಳ್ಳೆ ಪಟ್ಟಿ ಇಲ್ಲ," ಅಂದರು. ನಾನು ಹಿಗ್ಗಿದೆ.

ಪ್ಯಾರಿಸ್‌ನಿಂದ ಲೂರ್ದಿಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಆ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಫೋನ್ ಬಂದರೆ ಎದ್ದು ಬಾಗಿಲ ಬಳಿ ಹೋಗಿ, ಕಳ್ಳರ ಹಾಗೆ ಪಿಸುಗುಟ್ಟಿ ಬರುತ್ತಾರೆ. ಹೊನ್ನಾಳಿ ಬಸ್ಸಿನಲ್ಲಿ ಪಕ್ಕದವನ ಸೊಸೆಯ ಬಾಣಂತನದವರೆಗೂ ತಿಳಿದುಕೊಂಡು ಇಳಿಯುವ ನಮಗೆ ಉಸಿರು ಕಟ್ಟಿದ ಹಾಗಾಯಿತು. ಆ ನಿಶ್ಶಬ್ದದಲ್ಲಿ ಅಕ್ಕ ಮಂಡಕ್ಕಿಯ ಚೀಲ ಬಿಚ್ಚಿದಳು. ಚನ್ನಗಿರಿಯಿಂದ ಜೋಪಾನವಾಗಿ ತಂದ ಒಗ್ಗರಣೆ ಮಂಡಕ್ಕಿ. ಪ್ಲಾಸ್ಟಿಕ್ಕು ಹರಿಯಲಿಲ್ಲ, ಹಲ್ಲಿನಿಂದ ಎಳೆದಳು, ಚೀಲ ಒಡೆದು ಮಂಡಕ್ಕಿ ಎಲ್ಲ ಎದುರು ಸೀಟಿನ ಮುದುಕಿಯ ಕರಿ ಕೋಟಿನ ಮೇಲೆ ಸುರಿಯಿತು.

ನಾನು ಗೊತ್ತಿದ್ದ ಇಂಗ್ಲಿಷಿನಲ್ಲೆಲ್ಲ ಕ್ಷಮೆ ಕೇಳಿದೆ. ಆ ಮುದುಕಿ ಕೋಟು ಕೊಡವಲಿಲ್ಲ. ಮಡಿಲಲ್ಲಿದ್ದ ಮಂಡಕ್ಕಿಯನ್ನು ಎರಡೇ ಬೆರಳಿನಲ್ಲಿ ಒಂದೊಂದಾಗಿ ಎತ್ತಿ ಬಾಯಿಗೆ ಹಾಕಿಕೊಂಡಳು. ಕರಿಬೇವಿನ ಎಲೆಯನ್ನೂ ಬಿಡಲಿಲ್ಲ. "ಹಿಂಗೆ ಒಂದೊಂದೇ ತಿಂದ್ರೆ ಲೂರ್ದು ಬಂದ್ರೂ ಮುಗಿಯಾಕಿಲ್ಲ," ಅಂತ ಅಕ್ಕ ಅವಳ ಕೈ ಹಿಡಿದು ಅಂಗೈ ತುಂಬ ಮಂಡಕ್ಕಿ ಸುರಿದು, ಬಾಯಿಗೆ ಎಸೆದುಕೊಳ್ಳುವುದನ್ನು ಕಲಿಸಿದಳು. ಮುದುಕಿ ಅರ್ಧ ಕೆಳಗೆ ಚೆಲ್ಲಿ, ಸದ್ದು ಮಾಡಿ ನಕ್ಕಳು. ಆ ಬೋಗಿಯಲ್ಲಿ ಆಮೇಲೆ ಸ್ವಲ್ಪ ಮಾತು ಶುರುವಾಯಿತು.

ಹೊರಗೆ ಹಸಿರು ಹೊಲ, ತುಂಬಿದ ಹೊಳೆ. ಬರದ ಸೀಮೆ ಜಗಳೂರಿನಿಂದ ನಮ್ಮ ಜೊತೆ ಬಂದಿದ್ದ ಮಾರ್ಥಮ್ಮ ಕಿಟಕಿಗೆ ಹಣೆ ಹಚ್ಚಿ, "ಇಷ್ಟೊಂದ್ ನೀರು ಸುಮ್ನೆ ಹರ್ಕಂಡ್ ಹೋಗ್ತೈತಲ್ಲ, ಕೇಳೋರೇ ಇಲ್ವೇನ್ರೀ?" ಅನ್ನುತ್ತಲೇ ಇದ್ದರು. ನಾನು ಗಡಿಯಾರ ನೋಡಿ ಅಕ್ಕನಿಗೆ ಮಾತ್ರೆ ಕೊಟ್ಟೆ. ನುಂಗಿದಳು. ಟಿಕ್ ಹಾಕಿದೆ.

ಲೂರ್ದು, ಮೊದಲ ದಿನ

ನಾವು ಇಳಿದುಕೊಂಡದ್ದು ಸಿಸ್ಟರುಗಳು ನಡೆಸುವ ಒಂದು ಹಳೆಯ ಛತ್ರದಲ್ಲಿ. ಕೋಣೆಯ ಬೀಗದ ಕೈ ನಮ್ಮ ಕಡೆಯ ಉಗ್ರಾಣದ ಬೀಗದ ಕೈಯಷ್ಟು ಉದ್ದ, ಅಪ್ಪಟ ಕಬ್ಬಿಣದ್ದು. ಯಾರೂ ಜೇಬಿನಲ್ಲಿ ಹಾಕಿಕೊಂಡು ಹೋಗಬಾರದು ಎಂದು ಅದಕ್ಕೊಂದು ಮರದ ತುಂಡು ಕಟ್ಟಿದ್ದರು. ಕಾಫಿಯನ್ನು ಅಲ್ಲಿ ಲೋಟದಲ್ಲಿ ಕೊಡುವುದಿಲ್ಲ, ಬೋಗುಣಿಯಲ್ಲಿ ಕೊಡುತ್ತಾರೆ. ಎರಡೂ ಕೈಯಲ್ಲಿ ಎತ್ತಿ ಕುಡಿಯಬೇಕು. ಅಕ್ಕನಿಗೆ ಇದು ಬಹಳ ಹಿಡಿಸಿತು.

ಛತ್ರದಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಲಿಸ್ಸಿ ಕೇರಳದವರು. ನರ್ಸಿಂಗ್ ಓದಿದ್ದು ದಾವಣಗೆರೆಯಲ್ಲಂತೆ! ನಮ್ಮನ್ನು ಕಂಡದ್ದೇ "ಬೆಣ್ಣೆ ದೋಸೆ ತಂದಿಲ್ವಾ?" ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ಬಾಯಲ್ಲಿ ಆಡದ ಕನ್ನಡವನ್ನು ಅವರು ಪೆಟ್ಟಿಗೆಯ ತಳದಿಂದ ತೆಗೆದ ಸೀರೆಯ ಹಾಗೆ ಮಡಿಕೆ ಬಿಡಿಸಿ ಬಿಡಿಸಿ ಆಡುತ್ತಿದ್ದರು.

ಅಂದು ಮಧ್ಯಾಹ್ನ ಊರು ನೋಡಲು ಹೊರಟೆವು. ಬೀದಿಯ ಎರಡೂ ಬದಿ ಅಂಗಡಿ. ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ನೀಲಿ ಕಿರೀಟವೇ ಮುಚ್ಚಳ, ಕಿರೀಟ ತಿರುಗಿಸಿದರೆ ಒಳಗೆ ಪವಿತ್ರ ಜಲ. ನೋಡಿ ನನ್ನ ಹುಬ್ಬು ಮೇಲೆ ಹೋಯಿತು. ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಸಿಸ್ಟರ್ ಲಿಸ್ಸಿ ನಮ್ಮನ್ನು ನಾನು ಎಣಿಸಿಯೇ ಇರದ ಒಂದು ಜಾಗಕ್ಕೆ ಕರೆದುಕೊಂಡು ಹೋದರು.

ಆ ಪುಣ್ಯಕ್ಷೇತ್ರದಲ್ಲಿ ವೈದ್ಯರದೇ ಒಂದು ಕಚೇರಿ ಇದೆ. "ನನಗೆ ವಾಸಿಯಾಯಿತು" ಎಂದು ಯಾರಾದರೂ ಬಂದರೆ ಅಲ್ಲಿ ಗಂಟೆ ಬಾರಿಸುವುದಿಲ್ಲ, ಕಾಗದ ಕೇಳುತ್ತಾರೆ. ಮೊದಲು ಏನು ಕಾಯಿಲೆ ಇತ್ತು, ಅದಕ್ಕೆ ಸಾಕ್ಷಿ ಎಲ್ಲಿ, ಎಕ್ಸ್‌ರೇ ಎಲ್ಲಿ? ವಾಸಿಯಾಗಿದ್ದು ತಟ್ಟನೆಯೋ ನಿಧಾನವಾಗಿಯೋ, ಪೂರ್ತಿಯೋ ಅರ್ಧವೋ, ಮತ್ತೆ ಬಂತೋ? ನೋಡುವ ವೈದ್ಯರಲ್ಲಿ ದೇವರನ್ನು ನಂಬದವರೂ ಇರಬಹುದಂತೆ. ವರ್ಷಗಟ್ಟಲೆ ಕಾಯುತ್ತಾರೆ. ಬಹುಪಾಲು ಜನರನ್ನು "ಇದಕ್ಕೆ ಕಾರಣ ಹೇಳಬಹುದು" ಅಂತ ವಿನಯವಾಗಿ ಕಳಿಸಿಬಿಡುತ್ತಾರೆ. ಎಲ್ಲ ದಾಟಿ ಉಳಿದದ್ದನ್ನು ಮಾತ್ರ, ಅದೂ ಎಷ್ಟೋ ಕಾಲದ ಮೇಲೆ, ಬಿಷಪ್ಪರು ಪವಾಡ ಅನ್ನುವುದುಂಟು.

ನನಗಾದ ಸಂತೋಷ ಹೇಳತೀರದು. ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ಆ ಕ್ಷಣವೇ ಕ್ಷಮಿಸಿಬಿಟ್ಟೆ. ನಮ್ಮ ಗುಂಪನ್ನು ಗೋಡೆಯ ಮೇಲಿದ್ದ, ವಾಸಿಯಾದವರ ಫೋಟೋಗಳ ಮುಂದೆ ನಿಲ್ಲಿಸಿ, ಹತ್ತನೇ ಕ್ಲಾಸಿಗೆ ಮಾಡುವ ಹಾಗೆ ಪಾಠ ಮಾಡಿದೆ. "ನೋಡ್ರಿ, ಔಷಧಿಯಿಂದ ವಾಸಿ ಆಗಿದ್ರೆ ಇವ್ರು ಒಪ್ಪಲ್ಲ. ಒಪ್ಪಬಾರ್ದು ಕೂಡ. ಇದು ಸರಿಯಾದ ವಿಜ್ಞಾನ!"

ಅಕ್ಕ ಹಿಂದೆ ನಿಂತಿದ್ದಳು. "ಗುಳಿಗೆ ತಗಳ್ತಾ ಇರೋರ್ದು ಲೆಕ್ಕಕ್ಕೆ ಬರಲ್ವೇನೋ?" ಎಂದು ಕೇಳಿದಳು.

"ಹೆಂಗ್ ಬರುತ್ತೆ ಅಕ್ಕ? ಗುಳಿಗೆ ಮಾಡಿದ್ದೋ ದೇವ್ರು ಮಾಡಿದ್ದೋ ಅಂತ ಯಾರಿಗೆ ಗೊತ್ತಾಗ್ಬೇಕು?"

"ಅದೂ ಖರೇನೇ," ಅಂದಳು. ಸಂಜೆ ಎಂಟಕ್ಕೆ ಮಾತ್ರೆ ಕೊಟ್ಟೆ. ಬಿಸಿನೀರಿನಲ್ಲಿ ತಗೊಳ್ಳುತ್ತೇನೆ ಅಂತ ಅದನ್ನು ಹಿಡಿದುಕೊಂಡು ಅಡುಗೆಮನೆ ಕಡೆಗೆ ಹೋದಳು. ನಾನು ಟಿಕ್ ಹಾಕಿದೆ.

ಎರಡನೆಯ ದಿನ

ಗವಿಯ ಹತ್ತಿರ ಬುಗ್ಗೆಯ ನೀರನ್ನು ಕೈಗೆ ಹಾಕುವ ಜಾಗವಿದೆ. ಸ್ವಯಂಸೇವಕಿಯೊಬ್ಬಳು ಹೂಜಿಯಿಂದ ಬೊಗಸೆಗೆ ನೀರು ಸುರಿಯುತ್ತಾಳೆ, ಊಟಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಚೊಂಬಿನಿಂದ ಕೈಗೆ ನೀರು ಹಾಕುವ ಹಾಗೆ. ಮುಖ ತೊಳೆಯಬೇಕು, ಒಂದು ಗುಟುಕು ಕುಡಿಯಬೇಕು, ಅಷ್ಟೇ. ನೀರು ಐಸು. ಅಕ್ಕ ಒದ್ದೆ ಮುಖದಲ್ಲೇ ಹೊರಗೆ ಬಂದಳು. ಕರ್ಚೀಫು ಕೊಟ್ಟರೆ ಬೇಡವೆಂದಳು.

ನನಗೆ ಬೆರಗಾದದ್ದು ನೀರಿನಿಂದಲ್ಲ, ಸಾಲಿನಿಂದ. ಅಲ್ಲಿ ಕಾಯಿಲೆಯವರನ್ನು ನೀಲಿ ಬಣ್ಣದ ಪುಟ್ಟ ಗಾಡಿಗಳಲ್ಲಿ ಕೂರಿಸಿ ಎಳೆದುಕೊಂಡು ಬರುತ್ತಾರೆ. ಗಾಡಿ ಬಂತು ಎಂದರೆ ಸಾವಿರ ಜನ ಇದ್ದರೂ ಸಾಲು ಸೀಳಿಕೊಂಡು ದಾರಿ ಆಗುತ್ತದೆ. ನೂಕಾಟವಿಲ್ಲ, "ಯಾರ್ರೀ ಅದು ಮಧ್ಯ ತೂರೋದು" ಇಲ್ಲ. ಎಳೆಯುತ್ತಿದ್ದವರಲ್ಲಿ ಹೆಚ್ಚಿನವರು ರಜೆ ಹಾಕಿ ಬಂದ ಮಾಮೂಲಿ ಜನ. ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಹಾಕಿಕೊಂಡು ನಡೆದುಹೋಗುವ ಲಂಬಾಣಿ ಜನರಿಗೆ ನ್ಯಾಮತಿ ರಸ್ತೆಯಲ್ಲಿ ಮಜ್ಜಿಗೆ ಕೊಡುವವರ ಮುಖದಲ್ಲಿ ಇಂಥದೇ ಗಡಿಬಿಡಿ ಕಂಡಿದ್ದೇನೆ.

ಒಬ್ಬ ಯುವಕ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡೇ ನೀರು ಕುಡಿದ. ಕುಡಿದ ಮೇಲೆ ಕೊಳವೆ ಸರಿಮಾಡಿಕೊಂಡು, ಎಳೆಯುವವನ ಜೊತೆ ನಗುತ್ತಾ ಹೋದ. ಪ್ರತಿ ವರ್ಷ ಬರುತ್ತಾನಂತೆ.

"ವಾಸಿ ಆಗ್ದೇ ಇದ್ರೂ ಯಾಕೆ ಬರ್ತಾರೆ ಸಿಸ್ಟರ್?" ಅಂದೆ.

"ಬೇರೆ ಎಲ್ಲಾ ಕಡೆ ಕಾಯಿಲೆಯವ್ರು ಕೊನೆ, ಮೇಷ್ಟ್ರೇ. ಇಲ್ಲಿ ಮೊದ್ಲು," ಅಂದರು ಲಿಸ್ಸಿ. "ವರ್ಷಕ್ಕೆ ಒಂದು ಸಲ ಮೊದ್ಲು ಆಗ್ಬೇಕು ಅಂತ ಆಸೆ ಇರಲ್ವಾ?"

ಅಕ್ಕನ ಕಡೆ ನೋಡಿದೆ. ಅವಳು ಗವಿಯ ಬಂಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತಿದ್ದಳು. ಏನು ಕೇಳಿಕೊಳ್ಳುತ್ತಿದ್ದಾಳೆ ಎಂದು ನಾನು ಯೋಚಿಸಲಿಲ್ಲ. ಅಂದು ಬೆಳಿಗ್ಗೆಯೂ ಸಂಜೆಯೂ ಅವಳು ಬಿಸಿನೀರಿಗೆಂದು ಅಡುಗೆಮನೆಗೆ ಹೋಗಿಬಂದಳು. ನನ್ನ ಚಾರ್ಟಿನಲ್ಲಿ ಎರಡು ಟಿಕ್ ಹೆಚ್ಚಾದವು.

ಮೂರನೆಯ ದಿನ

ಬೆಳಗಿನ ತಿಂಡಿಯ ಹೊತ್ತು. ಆಗಷ್ಟೇ ಅಡುಗೆಮನೆಯಿಂದ ಬಂದು ಕೂತಿದ್ದ ಅಕ್ಕ ಕಾಫಿಯ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿದ್ದಳು. ಬೋಗುಣಿ ಕೆಳಗೆ ಬಿತ್ತು. ಆಮೇಲೆ ಆ ಕೂಗು. ಆರು ವರ್ಷ ಕೇಳಿರದಿದ್ದರೂ ನನ್ನ ಬೆನ್ನುಮೂಳೆಗೆ ಅದರ ಗುರುತಿತ್ತು. ತಿರುಗುವಷ್ಟರಲ್ಲಿ ಅವಳು ನೆಲದ ಮೇಲಿದ್ದಳು, ಕೈಕಾಲು ಸೆಟೆದು ಅದುರುತ್ತಿದ್ದವು.

ನಾನು ಪ್ರತಿ ವರ್ಷ ಎಂಟನೇ ಕ್ಲಾಸಿನಲ್ಲಿ ಹೇಳುತ್ತೇನೆ: ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಅದು ಮೂಢನಂಬಿಕೆ, ಮಗ್ಗುಲಿಗೆ ಮಲಗಿಸಿ, ಸುತ್ತಲಿನ ವಸ್ತು ಸರಿಸಿ, ಗಡಿಯಾರ ನೋಡಿ. ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಅವತ್ತು ನಾನು ಮಾಡಿದ್ದು ಏನು ಗೊತ್ತೇ? ಮೇಜಿನ ಮೇಲಿದ್ದ ಆ ಕಬ್ಬಿಣದ ಬೀಗದ ಕೈಯನ್ನು ಕಿತ್ತುಕೊಂಡು, ಮರದ ತುಂಡಿನ ಸಮೇತ, ಅಕ್ಕನ ಮುಷ್ಟಿಗೆ ತುರುಕಿದೆ. "ಹಿಡ್ಕ ಅಕ್ಕ, ಹಿಡ್ಕ," ಎಂದು ಕೂಗುತ್ತಿದ್ದೆ. ಸೂಳೆಕೆರೆಯ ದಂಡೆಯಲ್ಲಿ ಅವ್ವ ಕೂಗಿದ್ದ ಅದೇ ಮಾತು, ಅದೇ ದನಿ.

ಸಿಸ್ಟರ್ ಲಿಸ್ಸಿ ಓಡಿಬಂದು ಮೊದಲು ನನ್ನನ್ನು ಪಕ್ಕಕ್ಕೆ ತಳ್ಳಿದರು. ಬೀಗದ ಕೈ ತೆಗೆದು ಎಸೆದರು, ಅಕ್ಕನನ್ನು ಮಗ್ಗುಲಿಗೆ ಹೊರಳಿಸಿದರು, ಗಡಿಯಾರ ನೋಡಿದರು. ಪಕ್ಕದ ಮೇಜಿನ ಮುದುಕರೊಬ್ಬರು ತಮ್ಮ ಕೋಟು ಬಿಚ್ಚಿ ಮಡಚಿ ಅವಳ ತಲೆಯ ಕೆಳಗಿಟ್ಟರು. ಅದುರು ನಿಂತಿತು. ಅಕ್ಕ ಗೊರಕೆ ಹೊಡೆಯುವವಳ ಹಾಗೆ ಉಸಿರಾಡತೊಡಗಿದಳು.

"ನಾನು ಸೈನ್ಸ್ ಮೇಷ್ಟ್ರು, ಸಿಸ್ಟರ್," ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. "ಇರ್ಲಿ ಬಿಡಿ," ಅಂದರು ಅವರು.

ಯಾತ್ರಿಕರ ಆಸ್ಪತ್ರೆಯ ಕೋಣೆಗೆ ಕರೆದೊಯ್ದೆವು. ಅಲ್ಲಿದ್ದ ವೈದ್ಯರಿಗೆ ಎಪ್ಪತ್ತು ದಾಟಿರಬೇಕು. ಕೆಲಸದಿಂದ ನಿವೃತ್ತರಾದ ಮೇಲೆ ವರ್ಷಕ್ಕೆ ಕೆಲವು ವಾರ ಇಲ್ಲಿಗೆ ಬಂದು ರೋಗಿಗಳನ್ನು ನೋಡುವವರು. ಮಿದುಳು ನರಗಳ ತಜ್ಞರೇ ಆಗಿದ್ದುದು ನಮ್ಮ ಅದೃಷ್ಟ. ಲಿಸ್ಸಿ ನಡುವೆ ನಿಂತು ಅವರ ಫ್ರೆಂಚನ್ನು ನಮಗೆ, ನಮ್ಮ ಕನ್ನಡವನ್ನು ಅವರಿಗೆ ದಾಟಿಸಿದರು. ಎಲ್ಲ ಪರೀಕ್ಷೆ ಮಾಡಿ ಅವರು ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ತಪ್ಪಿತೇ?"

ನಾನು ಚಾರ್ಟ್ ಮುಂದೆ ಹಿಡಿದೆ. ಒಂದು ಟಿಕ್ಕೂ ಬಿಟ್ಟಿಲ್ಲ. ಅವರು ಚಾರ್ಟನ್ನು ನೋಡಿದರು, ಆಮೇಲೆ ಮಂಚದ ಮೇಲಿದ್ದ ಅಕ್ಕನನ್ನು ನೋಡಿದರು. ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫಿನ ಗಂಟು ಬಿಚ್ಚಿದಳು. ಒಳಗೆ ನಾಲ್ಕು ಬಿಳಿ ಮಾತ್ರೆ.

"ಅಕ್ಕ!" ನನಗೆ ಸಿಟ್ಟು ನೆತ್ತಿಗೇರಿತು. "ಸಾಯಾಕೆ ಬಂದ್ಯಾ ಇಲ್ಲಿಗೆ?"

"ಯಾಕೋ ಬೈತೀಯಾ? ನೀನೇ ಹೇಳ್ಕೊಟ್ಟಿದ್ದಲ್ವೇನೋ?" ಅಂದಳು. ದನಿ ಇನ್ನೂ ತೊದಲುತ್ತಿತ್ತು. "ಹುಳ್ಳಿಕಾಳು ನೆನಪಿಲ್ವಾ?"

ನೆನಪಿತ್ತು. ಒಂದು ಬೇಸಿಗೆಯಲ್ಲಿ ಮಕ್ಕಳ ವಿಜ್ಞಾನ ಮೇಳಕ್ಕೆಂದು ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಎರಡು ಕುಂಡದಲ್ಲಿ ಹುಳ್ಳಿಕಾಳು ಹಾಕಿದ್ದೆ. ಒಂದು ಕಿಟಕಿ ಬಳಿ, ಒಂದು ಕಪಾಟಿನೊಳಗೆ. ಕಪಾಟಿನದು ಬೆಳ್ಳಗಾಯಿತೆಂದು ಅಕ್ಕ ಕರುಣೆಯಿಂದ ಅದಕ್ಕೆ ಗೊಬ್ಬರ ಹಾಕಿದ್ದಳು. ಆಗ ನಾನು ಕೂಗಾಡಿದ್ದೆ: ಎಲ್ಲ ಒಂದೇ ತರ ಇರಬೇಕು, ಒಂದೇ ಒಂದನ್ನು ಬದಲಾಯಿಸಬೇಕು, ಆಗ ಮಾತ್ರ ಯಾವುದು ಯಾವುದರಿಂದ ಆಯಿತೆಂದು ಗೊತ್ತಾಗುವುದು.

"ಮೂವತ್ತೈದು ವರ್ಷದಿಂದ ಪ್ರಾರ್ಥನೆ ಮಾಡ್ತಾ ಇದೀನಿ," ಅಂದಳು ಅಕ್ಕ. "ವಾರವಾರ ಊಟಕ್ಕೆ ಕುಂತಾಗ ನೀನು ಗುಳಿಗೆ, ಗುಳಿಗೆ ಅಂತೀಯ. ಕೇಳಿ ಕೇಳಿ ನಂಗೂ ಅನುಮಾನ ಬಂತು ಕಣೋ. ಸ್ವಾಮಿ ಕೇಳಿಸ್ಕಂಡನೋ ಇಲ್ವೋ, ಸಾಯಾದ್ರೊಳಗೆ ಒಂದ್ಸಲ ತಿಳ್ಕಬೇಕು ಅನ್ನುಸ್ತು. ಪ್ರಾರ್ಥನೆ ಹಂಗೇ ಇಟ್ಟೆ. ಗುಳಿಗೆ ಒಂದೇ ತೆಗ್ದೆ."

ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ನನ್ನ ಪಾಠವನ್ನು ಇಷ್ಟು ಸರಿಯಾಗಿ ತಿಳಿದುಕೊಂಡ ವಿದ್ಯಾರ್ಥಿ ಇನ್ನೊಬ್ಬರಿಲ್ಲ.

"ಪರೀಕ್ಷೆ ಆತು," ಅಂದಳು. "ನೀನೇ ಗೆದ್ದೆ ಬಿಡು." ಗೋಡೆಯ ಕಡೆ ಹೊರಳಿದಳು. ಅವಳ ಭುಜ ಅಲುಗುತ್ತಿತ್ತು. ಗೆಲ್ಲುವುದು ಇಷ್ಟು ಹೊಲಸಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ವೈದ್ಯರು ಹೇಳಿದ್ದು ಸ್ಪಷ್ಟವಾಗಿತ್ತು. ಮಾತ್ರೆ ಈಗಲೇ ಮತ್ತೆ ಶುರುವಾಗಬೇಕು. ಇಲ್ಲದಿದ್ದರೆ ಇನ್ನೊಂದು ಬರುತ್ತದೆ, ಮುಂದಿನದು ತಾನಾಗಿ ನಿಲ್ಲದೆಯೂ ಹೋಗಬಹುದು. ಅಕ್ಕ ಬಾಯಿ ಬಿಗಿಹಿಡಿದು ಮಲಗಿದ್ದಳು. ಫಾದರ್ ವಿನ್ಸೆಂಟ್ ಬಂದು ಹೇಳಿದರು, ಮಾರ್ಥಮ್ಮ ಅತ್ತರು. "ಈಗ ತಗಂಡ್ರೆ ದೇವ್ರು ನನ್ನ ಮಾತು ಕೇಳ್ಲಿಲ್ಲ ಅಂತ ನಾನೇ ಸೈ ಹಾಕ್ದಂಗೆ," ಅಂದಳು ಅಕ್ಕ.

ವೈದ್ಯರು ಒಂದು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಲಿಸ್ಸಿ ಅವರ ಮಾತನ್ನು ತಮ್ಮ ಕನ್ನಡಕ್ಕೆ ಇಳಿಸಿದರು.

"ಡಾಕ್ಟರ್ ಹೇಳ್ತಾರೆ, ಅವ್ರೂ ಆ ಕಚೇರಿಯಲ್ಲಿ ಕೂತಿದ್ರಂತೆ. ಅಲ್ಲಿ ಕೇಳೋದು ಒಂದೇ ಪ್ರಶ್ನೆ. ಇದಕ್ಕೆ ನಮಗೆ ಕಾರಣ ಗೊತ್ತಾ, ಇಲ್ವಾ. ಗೊತ್ತು ಅಂದ್ರೆ ಫೈಲ್ ಮುಚ್ತಾರೆ. ಆದ್ರೆ ದೇವ್ರು ಕೇಳ್ಲಿಲ್ಲ ಅಂತ ಒಂದು ಫೈಲಲ್ಲೂ ಬರೆದಿಲ್ಲ. ಅದನ್ನ ನೋಡೋಕೆ ಅವ್ರ ಹತ್ರ ಮಿಷನ್ ಇಲ್ವಂತೆ."

ಮಾತಾಡುತ್ತಲೇ ಅವರು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. ವಾರಕ್ಕೆ ಏಳು ಖಾನೆ. ತಮ್ಮ ಹೃದಯದ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು, ಶಿಲುಬೆಯ ಗುರುತು ಮಾಡಿ, ತುಟಿಯಲ್ಲೇ ಏನೋ ಹೇಳಿ ನುಂಗಿದರು.

"ಏನ್ ಹೇಳ್ಕಂಡ್ರು?" ಅಕ್ಕ ಗೋಡೆಯಿಂದ ಇತ್ತ ತಿರುಗಿದಳು.

"ಊಟಕ್ಕೆ ಮುಂಚೆ ಹೇಳ್ತೀವಲ್ಲ, ಆ ಪ್ರಾರ್ಥನೆ."

"ಗುಳಿಗೆಗಾ?"

ವೈದ್ಯರು ನಕ್ಕು ಭುಜ ಕುಣಿಸಿದರು. ಅವರು ಹೋದ ಮೇಲೆ ಅಕ್ಕ ಅಂದಳು, "ಒಳ್ಳೇ ಮನುಷ್ಯ. ಅವ್ರ ಮಾತು ಅವ್ರಿಗೆ ಸರಿ. ನಾನ್ ಕೇಳಿದ್ದಕ್ಕೆ ಉತ್ತರ ಬಂದು ಆತಲ್ಲ, ನೆಲದ ಮೇಲೆ ಬಿದ್ದೆ. ಇನ್ನೇನ್ ಬೇಕು?"

ನಾನು ಮೇಷ್ಟ್ರ ಬುದ್ಧಿ ಉಪಯೋಗಿಸಿದೆ. ಒಂದು ಸಲ ಮಾಡಿದ್ದು ಪ್ರಯೋಗವಲ್ಲ, ನಿದ್ದೆ ಕೆಟ್ಟಿತ್ತು, ಊರು ಬದಲಾಗಿತ್ತು, ಊಟ ಬದಲಾಗಿತ್ತು, ಬದಲಾದದ್ದು ಒಂದೇ ಅಲ್ಲ ಅಂದೆ. "ಸುಮ್ಕಿರೋ. ಸೋತೋಳಿಗೆ ಮಾರ್ಕ್ ಹಾಕಾಕೆ ಬರಬ್ಯಾಡ," ಅಂದಳು. ಅವಳಿಗೆ ನನ್ನ ಕರುಣೆ ಬೇಕಿರಲಿಲ್ಲ. ನಿಜ ಬೇಕಿತ್ತು. ನನ್ನ ಹತ್ತಿರ ಒಂದು ನಿಜ ಇತ್ತು, ಆರು ವರ್ಷದಿಂದ. ಹೆಂಡತಿಗೂ ಹೇಳಿರಲಿಲ್ಲ.

"ಅಕ್ಕ," ಅಂದೆ, "ದಾವಣಗೆರೆ ಆಸ್ಪತ್ರೇಲಿ ನಿನಗೆ ಒಂದರ ಹಿಂದೆ ಒಂದು ಬಂದು ಎಚ್ಚರಾನೇ ಆಗ್ಲಿಲ್ವಲ್ಲ, ಆವತ್ತು."

"ನನಗೇನ್ ಗೊತ್ತು. ಎಚ್ಚರ ಇರ್ಲಿಲ್ಲ ಅಂತೀಯಲ್ಲ."

"ಡಾಕ್ಟ್ರು ಹೊರಗೆ ಬಂದು, ಕೊಡೋ ಔಷಧಿ ಎಲ್ಲಾ ಕೊಟ್ಟಾಗೈತೆ, ಇನ್ನೇನು ಅಂತ ಯೋಚನೆ ಮಾಡ್ತೀನಿ ಅಂತ ಹೇಳಿ ಹೋದ್ರು. ವರಾಂಡದಾಗೆ ನಮ್ಮ ಸ್ಕೂಲಿನ ಹುಡುಗರ ಅಪ್ಪ ಅಮ್ಮ ಇದ್ರು. ನಾನು ಚಪ್ಪಲಿ ಹುಡ್ಕೋನ ಹಂಗೆ ಬೆಂಚಿನ ಕೆಳಗೆ ಬಗ್ಗಿ ಮಂಡಿ ಊರಿದೆ."

ಅಕ್ಕ ಎದ್ದು ಕೂತಳು.

"ವಾಸಿ ಮಾಡು ಅಂತ ಕೇಳ್ಲಿಲ್ಲ. ಅಷ್ಟ್ ಧೈರ್ಯ ಇರ್ಲಿಲ್ಲ ನನಗೆ. ಈ ಡಾಕ್ಟ್ರಿಗೆ ಸರಿಯಾದ ಔಷಧಿ ಹೊಳಿಯೋ ಹಂಗೆ ಮಾಡು ಸ್ವಾಮಿ ಅಂತ ಕೇಳ್ದೆ. ಅಷ್ಟೇ ಕೇಳಿದ್ದು. ಮಾರನೇ ದಿನ ಅವ್ರು ಈ ಗುಳಿಗೆ ಬರೆದ್ರು." ಕರ್ಚೀಫಿನ ಮಾತ್ರೆಗಳ ಕಡೆ ಕೈ ತೋರಿಸಿದೆ. "ನೀನು ಏನ್ ಕೇಳ್ಕಂಡ್ಯೋ ನನಗೆ ಗೊತ್ತಿಲ್ಲ ಅಕ್ಕ. ನಾನ್ ಕೇಳಿದ್ದು ಗುಳಿಗೇನೇ."

ಇದರಿಂದ ಏನಾದರೂ ರುಜುವಾತಾಯಿತೇ? ಇಲ್ಲ. ಆ ವೈದ್ಯರ ಕಚೇರಿಗೆ ಹೋಗಿ ಹೇಳಿದ್ದರೆ ನಗುನಗುತ್ತಾ ಫೈಲು ಮುಚ್ಚುತ್ತಿದ್ದರು. ದಾವಣಗೆರೆಯ ಡಾಕ್ಟರು ಓದಿದ್ದರು, ಯೋಚಿಸಿದರು, ಬರೆದರು. ಅಷ್ಟೂ ನನಗೆ ಗೊತ್ತು. ಗೊತ್ತಿದ್ದೇ ಹೇಳಿದೆ, ಯಾಕೆಂದರೆ ನಡೆದದ್ದು ಅದೇ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲು ಅಳುತ್ತಾಳೆ ಅಂದುಕೊಂಡೆ. ಅವಳ ಕಣ್ಣಲ್ಲಿ ಬಂದದ್ದು ಸಿಟ್ಟು.

"ಆರು ವರ್ಷ!" ಅಂದಳು. "ಆರು ವರ್ಷ ಬಾಯಿ ಮುಚ್ಕಂಡು, ಮೇಲೆ ನನ್ನೇ ಆಡ್ಕಂಡು ನಗ್ತಿದ್ಯಾ? ಇಲ್ಲಿ ಕೊಡು ಅದನ್ನ."

ಕರ್ಚೀಫಿನಿಂದ ಒಂದು ಮಾತ್ರೆ ಎತ್ತಿ ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು, ಆ ಮುದುಕ ವೈದ್ಯರು ಮಾಡಿದ ಹಾಗೆಯೇ ಊಟದ ಪ್ರಾರ್ಥನೆಯನ್ನು ಕೊನೆಯವರೆಗೂ ಹೇಳಿದಳು, ಒಂದು ಪದ ಬಿಡದೆ. ನುಂಗಿದಳು. ನೀರು ಕುಡಿದು ಲೋಟ ಕೆಳಗಿಟ್ಟಳು. ನಾನು ಚಾರ್ಟ್ ಹೊರಗೆ ತೆಗೆಯಲಿಲ್ಲ.

"ಕೇಳಿದ್ದು ಕೊಟ್ಟ ಮ್ಯಾಲೆ ಥ್ಯಾಂಕ್ಸ್ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ."

"ಆರು ವರ್ಷದಾಗೆ ಒಂದ್ಸಲಾನೂ?"

"ಇಲ್ಲ ಅಕ್ಕ."

"ಅಪ್ಪ ಅವ್ವ ಇದನ್ನೇ ಕಲ್ಸಿದ್ರೇನೋ ನಿನಗೆ? ಮೀನು ಸಾಲ ತಗಂಡೋರೂ ಸಿಕ್ಕಿದಾಗ ಒಂದ್ ಮಾತು ಆಡ್ತಿದ್ರು." ಕಾಲು ಕೆಳಗೆ ಬಿಟ್ಟು ಚಪ್ಪಲಿ ಮೆಟ್ಟಿದಳು. ಮಲಗಿರಬೇಕು ಅಂತ ಡಾಕ್ಟರು ಹೇಳಿದ್ದಾರೆ ಅಂದೆ. ಕೇಳಲಿಲ್ಲ. ಲಿಸ್ಸಿಯನ್ನು ಕೂಗಿದಳು, ಅವರು ಒಂದು ಕಡೆ ತೋಳು ಹಿಡಿದರು, ನಾನು ಇನ್ನೊಂದು ಕಡೆ.

"ನಡಿ, ಈಗ್ಲೇ ಹೇಳ್ಬಾ," ಅಂದಳು ಅಕ್ಕ. "ನಾನೂ ಕೇಳಿಸ್ಕಬೇಕು."

ಗವಿಯ ಮುಂದೆ ಮಧ್ಯಾಹ್ನದ ಬಿಸಿಲಿತ್ತು, ಜನ ತುಂಬಿದ್ದರು. ನಮ್ಮ ಗುಂಪಿನವರೂ ಅಲ್ಲೇ ಇದ್ದರು, ಎಲ್ಲ ನನ್ನನ್ನೇ ನೋಡುತ್ತಿದ್ದರು. ಈ ಸಲ ಏನನ್ನೂ ಹುಡುಕುವವನ ಹಾಗೆ ನಟಿಸದೆ ಮಂಡಿಯೂರಿದೆ.